ಗಾಡಿಯ ಬೆನ್ನಿಗೊಂದು ಬೆಳಕುಗೆರೆ

ಪಿಕಪ್ ಗಾಡಿಯ ಮುಂಬದಿಗೆ ಬೆಳಕಿನ ಬರವಿಲ್ಲ. ಜೋಡಿ ಹೆಡ್‌ಲೈಟು, ಡ್ಯಾಶ್‌ಬೋರ್ಡಿನ ದೇವರಿಗೊಂದು ಪುಟ್ಟ ದೀಪ, ಕೆಲವರ ಗಾಡಿಯಲ್ಲಿ ಗಾಜಿನ ಸುತ್ತ ಬಣ್ಣದ ಮಾಲೆ. ಹೊರೆ ಹೊರುವ ಬೆನ್ನು ಮಾತ್ರ ಕಪ್ಪು ಕತ್ತಲೆ. ಗಂಗೊಳ್ಳಿಯಲ್ಲೋ ಕೋಡಿ-ಹಂಗಾರಕಟ್ಟೆಯಲ್ಲೋ ಬೆಳಗಿನ ಜಾವಕ್ಕೆ ಮೀನಿನ ಕ್ರೇಟು ಏರುವುದು ಆ ಕತ್ತಲೆಗೇ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಐಸು. ಹಗ್ಗ ಕಟ್ಟಲು ಮೂರನೆಯ ಕೈ ಎಲ್ಲಿಂದ ತರುವುದು?

ಅದಕ್ಕೇ ಯಾರಾದರೂ ಗಾಡಿಯ ಬೆನ್ನಿಗೆ ಎಲ್‌ಇಡಿ ಪಟ್ಟಿ ಅಂಟಿಸುತ್ತಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. 'ಹ್ವಾಯ್, ಇದೊಂಚೂರ್ ಹಿಡ್ಕಣಿ' ಎಂದರೆ ವಯರಿನ ತುದಿ ಹಿಡಿಯುವ ಭಾಗ್ಯವೂ ಸಿಗುತ್ತದೆ. 5 ಮೀಟರಿನ ಸುರುಳಿ, 12 ವೋಲ್ಟಿನ ಬ್ಯಾಟರಿ. ಮೂರು ಮೂರು ಬಲ್ಬಿಗೊಂದು ತಾಮ್ರದ ಗುರುತು. ಅಲ್ಲಿಯೇ ಕತ್ತರಿ ಆಡಿಸಬೇಕು. ಬಿಳಿ ಬಲ್ಬು ಒಂದಕ್ಕೆ ಸುಮಾರು 3 ವೋಲ್ಟ್ ಸಾಕು. ಮೂರು ಸೇರಿ 9 ಆದರೆ ಉಳಿದದ್ದನ್ನು ಪಕ್ಕದಲ್ಲಿ ಕೂತ ರೆಸಿಸ್ಟರು ನುಂಗಿಕೊಳ್ಳುತ್ತದೆ. ಉರಿಯದಿದ್ದಾಗ ನೋಡಿ, ಪ್ರತಿ ಬಲ್ಬೂ ಅರಸಿನದ ಬೊಟ್ಟು ಇಟ್ಟುಕೊಂಡಂತಿರುತ್ತದೆ. ಒಳಗೆ ಹುಟ್ಟುವುದು ನೀಲಿ ಬೆಳಕು. ಹಳದಿ ಲೇಪ ಹಾದು ಬರುವಾಗ ಅದು ಬಿಳಿಯಾಗುತ್ತದೆ. ಆ ನೀಲಿಯನ್ನು ಒಲಿಸಿಕೊಂಡ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಕೊಡೇರಿಯ ಬಂಗುಡೆಗೂ ಅವರ ಋಣವಿದೆ.

ಬೆಳಕು ತರಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಪಟ್ಟಿಯ ಪೊಟ್ಟಣದ ಮೇಲೆ ಐಪಿ 67 ಎಂದಿರುತ್ತದೆ: ಧೂಳು ಒಳಹೋಗದು, 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಆದರೆ ನಮ್ಮ ಗಾಡಿಗೆ ಬೀಳುವುದು ಬರೀ ನೀರಲ್ಲ. ಮೀನಿನ ಉಪ್ಪುನೀರು, ಕರಗಿದ ಐಸು, ಮರವಂತೆಯಲ್ಲಿ ಹೆದ್ದಾರಿಗೇ ಹಾರಿಬರುವ ಕಡಲಹನಿ, ಮೇಲೆ ಆಷಾಢದ ಮಳೆ. ಕತ್ತರಿಸಿದ ಕಡೆ ಪಟ್ಟಿಯ ರಕ್ಷೆ ಹರಿದಿರುತ್ತದೆ. ಉಪ್ಪು ಅಲ್ಲಿಂದಲೇ ನುಗ್ಗಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ಆದ್ದರಿಂದ ಬೆಸುಗೆ, ಅದರ ಮೇಲೆ ಬಿಸಿಗೆ ಕುಗ್ಗುವ ಕೊಳವೆ, ತುದಿಗೆ ಸಿಲಿಕೋನ್. ಸಿಲಿಕೋನಿನಲ್ಲೂ ಹುಳಿವಾಸನೆಯದು ಬೇಡ, ಅದರ ಆಮ್ಲ ತಾಮ್ರವನ್ನೇ ತಿನ್ನುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಜಾತಿಯದೇ ಆಗಬೇಕು. ವಯರು ತೂತಿನೊಳಗೆ ಹೋಗುವ ಮೊದಲು ಒಂದು ಬಾಗು ಕೆಳಗಿಳಿದು ಮೇಲೇರಬೇಕು. ಹರಿದುಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಇಷ್ಟು ಸಣ್ಣ ಬಾಗಿನಲ್ಲಿ ಎಷ್ಟು ವಿವೇಕ! ಬ್ಯಾಟರಿಯ ಬುಡದಲ್ಲೊಂದು ಫ್ಯೂಸು ಇಟ್ಟರೆ ವಯರಿನ ಕೆಲಸ ಮುಗಿಯಿತು.

ಪಟ್ಟಿ ಎಲ್ಲಿ ಅಂಟಬೇಕು ಎಂಬುದು ನನಗೆ ಎಲ್ಲಕ್ಕಿಂತ ರುಚಿಯ ಪ್ರಶ್ನೆ. ಕ್ಯಾಬಿನ್ನಿನ ನೆತ್ತಿಗೆ ದೊಡ್ಡ ದೀಪ ಕಟ್ಟಿದರೆ ಬಾಗಿದವನ ನೆರಳು ಅವನ ಕೆಲಸದ ಮೇಲೇ ಬೀಳುತ್ತದೆ. ಪಕ್ಕದ ಹಲಗೆಗಳ ಅಂಚಿನಡಿ, ಒಳಮುಖವಾಗಿ ಅಂಟಿಸಿದರೆ ಬೆಳಕು ಎರಡೂ ಕಡೆಯಿಂದ ಓರೆಯಾಗಿ ಹರಿದು ಹಗ್ಗದ ಹುರಿ, ಐಸಿನ ಹರಳು, ಬಂಗುಡೆಯ ಬೆನ್ನಿನ ಗೆರೆ ಎಲ್ಲ ಎದ್ದು ನಿಲ್ಲುತ್ತವೆ. ದೀವಟಿಗೆಯ ಕಾಲದ ಬಡಗುತಿಟ್ಟಿನ ಯಕ್ಷಗಾನದಾಟ ನೆನಪಾಗುತ್ತದೆ. ವೇಷದ ಎರಡೂ ಪಕ್ಕದಿಂದ, ಹತ್ತಿರದಿಂದ ಬಂದ ಆ ಬೆಳಕಿಗೆ ಕೇದಗೆ ಮುಂದಲೆಯ ಬೇಗಡೆ ಮಿನುಗುತ್ತಿತ್ತು. ಗ್ಯಾಸ್‌ಲೈಟು ಬಂತು, ಟ್ಯೂಬ್‌ಲೈಟು ಬಂತು, ರಂಗಸ್ಥಳವೆಲ್ಲ ಬೆಳಗಿತು, ಆದರೆ ಮುಖದ ಉಬ್ಬುತಗ್ಗು ಚಪ್ಪಟೆಯಾಯಿತು. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಪೆಟ್ಟಿಗೆಗಳು ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಊರಿಂದೂರಿಗೆ ಗಾಡಿ ಏರಿಳಿಯುತ್ತವಲ್ಲ, ಆ ಗಾಡಿಗಳಿಗೂ ಇಂಥ ಓರೆಬೆಳಕು ಒಪ್ಪುತ್ತದೆ. ಓಡುವಾಗ ಮಾತ್ರ ಆರಿಸಬೇಕು. ಹಿಂದೆ ಬರುವವನ ಕಣ್ಣಿಗೆ ಬಿಳಿ ಬೆಳಕು ಹೊಡೆಯಬಾರದು.

ಬಣ್ಣದ ವಿಷಯದಲ್ಲಿ ಅಂಗಡಿಯವರು 6500 ಕೆಲ್ವಿನ್ನಿನ ನೀಲಿಬಿಳುಪನ್ನೇ ಮುಂದಿಡುತ್ತಾರೆ. ಅದರಲ್ಲಿ ಐಸು ಹೊಳೆಯುತ್ತದೆ, ಆದರೆ ಅಗ್ಗದ ಪಟ್ಟಿಯಾದರೆ ಕೆಂಪು ಮಂಕಾಗುತ್ತದೆ. ನನ್ನ ಒಲವು 4000ದ ಕಡೆಗೆ, ಅದೂ ಕೆಂಪನ್ನು ಚೆನ್ನಾಗಿ ತೋರುವ ಪಟ್ಟಿಗೆ. ಕಿವಿರು ಎತ್ತಿ ನೋಡಿಯೇ ಮೀನು ಕೊಳ್ಳುವ ಊರು ಇದು.