ಮೂರು ಪವನಚಕ್ಕಿ

ಮೊನ್ನೆ ಶನಿವಾರ ಬೆಳಗಿನ ಶಾಲೆ ಬಿಡುವ ಮುನ್ನ ನಾವಿಬ್ಬರು ಮಾಸ್ತರರು ಐದನೇ ಇಯತ್ತೆಯ ಮಕ್ಕಳಿಗೆ ಒಂದು ಆಲ್ಬಮ್ ಕೇಳಿಸಿದೆವು. ಇಂಗ್ಲೆಂಡಿನ ಬ್ರಯಾನ್ ಈನೋ ಹೊರತಂದ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’. ತಾಳವಿಲ್ಲ, ಮಾತಿಲ್ಲ. ಮಕ್ಕಳಿರಲಿ, ವಿಮಾನ ನಿಲ್ದಾಣವನ್ನು ನಾವೂ ಒಳಹೊಕ್ಕು ನೋಡಿದವರಲ್ಲ!

“ಹಾಡು ಯಾವಾಗ ಶುರು ಆಗತೈತ್ರೀ ಸರ್?” ಎಂದಳು ಒಬ್ಬಳು. ಎಲ್ಲರೂ ನಕ್ಕರು. ಆಮೇಲೆ ತಾವಾಗಿಯೇ ಸುಮ್ಮನಾದರು. ನಮ್ಮ ಜಿಲ್ಲೆಯ ಮಿರಜಿನ ತಂಬೂರಿ ಜಗತ್ತಿಗೇ ಗೊತ್ತು, 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಹಾಡುಗಾರನಿಲ್ಲದೆ ಬರೀ ತಂಬೂರಿ ಕೇಳಿದ ಹಾಗಿತ್ತು ನಮಗೆ.

ಎರಡನೆಯ ಭಾಗದಲ್ಲಿ ಬರೀ ಮನುಷ್ಯರ ದನಿ. ಹಿಂದಿನ ಸಾಲಿನ ಹುಡುಗ ಕೈಯೆತ್ತಿದ. ವರ್ಷಪೂರ್ತಿ ಬಾಯಿ ಬಿಡದವನು.

“ಸರ್, ಇದು ಗುಡ್ಡದ ಪವನಚಕ್ಕಿ ಹಂಗ ಐತ್ರಿ. ಮೂರೂ ತಿರಗತಾವು, ಆದ್ರ ಒಂದಕ್ಕೊಂದು ಕೂಡೂದಿಲ್ರಿ.”

ನಾವು ಮುಖ ಮುಖ ನೋಡಿಕೊಂಡೆವು. ಈನೋ ಮಾಡಿದ್ದೂ ಅದೇ ಅಲ್ಲವೇ! ಒಂದೊಂದು ಸ್ವರವನ್ನು ಒಂದೊಂದು ಟೇಪಿಗೆ ಹಿಡಿದು, ತುದಿಗೆ ತುದಿ ಅಂಟಿಸಿ ಸುತ್ತಲು ಬಿಟ್ಟರು. ಒಂದರ ಸುತ್ತು ಸುಮಾರು 24 ಸೆಕೆಂಡು, ಇನ್ನೊಂದರದು 26, ಮತ್ತೊಂದರದು 30. ಕೂಡಲೇ ಹಲಗೆಯ ಮೇಲೆ ಲ.ಸಾ.ಅ. ತೆಗೆದೆವು. 1560 ಸೆಕೆಂಡು, ಅಂದರೆ 26 ನಿಮಿಷ. ಆ ಭಾಗವೋ ಹತ್ತು ನಿಮಿಷದೊಳಗೇ ಮುಗಿಯುತ್ತದೆ. ಒಟ್ಟಿಗೆ ಹೊರಟ ಮೂರೂ ಮತ್ತೆ ಒಟ್ಟಿಗೆ ಸೇರುವುದೇ ಇಲ್ಲ. ಅದಕ್ಕೇ ಕೇಳಿದ್ದನ್ನೇ ಕೇಳಿದರೂ ಹೊಸದೆನಿಸುತ್ತದೆ. ಲೆಕ್ಕವನ್ನು ಮೊದಲು ಬಿಡಿಸಿದವನೂ ಅವನೇ.

ದೀಪಾವಳಿ ಮುಗಿದ ಕೂಡಲೇ ಅವನ ಅವ್ವ ಅಪ್ಪ ಕಬ್ಬು ಕಡಿಯಲು ಹೊರಡುತ್ತಾರೆ, ಜೊತೆಗೆ ಅವನೂ. ತಿರುಗಿ ಬರುವ ಹೊತ್ತಿಗೆ ಪರೀಕ್ಷೆ ಎದುರಿಗಿರುತ್ತದೆ. ಹೋದ ವರ್ಷವೂ ಹೀಗೇ ಆಯಿತು. ಹುಡುಗ ದಡ್ಡ ಎಂದು ನಾವೇ ಹಣೆಪಟ್ಟಿ ಹಚ್ಚಿಬಿಟ್ಟಿದ್ದೆವು. ಅವನು ಬಾಯಿ ಬಿಡಲಿಲ್ಲ ನಿಜ, ನಾವಾದರೂ ಯಾವತ್ತು ಕೇಳಿದ್ದೆವು?

ಸಂಜೆ ಅವನ ಮನೆಗೆ ಹೋದೆವು. ಹುಡುಗನನ್ನು ಊರಲ್ಲೇ ಬಿಡಿ ಎಂದು ಕೇಳಿಕೊಂಡೆವು. ಅಜ್ಜಿ ಒಪ್ಪಿದಳು. “ಸಣ್ಣ ಕೂಸಿನ್ನ ಅಲ್ಲಿ ಯಾರ್ ನೋಡಬೇಕ್ರಿ ಸರ್?” ಎಂದಳು ಅವ್ವ. ನಮ್ಮಲ್ಲಿ ಉತ್ತರವಿರಲಿಲ್ಲ. ಸೋಮವಾರ ಮತ್ತೆ ಹೋಗುತ್ತೇವೆ.