ಕಿವಿಗೊಂದು ಸಿಂಬೆ

ಕೆಲವು ವಸ್ತುಗಳು ದೊಡ್ಡ ವಸ್ತುಗಳ ಅಡಿಯಲ್ಲಿ ಬಾಳಿ, ಸದ್ದಿಲ್ಲದೆ ಸವೆದು, ಹೇಳಹೆಸರಿಲ್ಲದೆ ಹೋಗುವುವು. ತುಂಬಿದ ಕೊಡವನ್ನು ಹೊತ್ತು ಬರುವವಳನ್ನು ಕಂಡವರು ಕೊಡದ ಹೊಳಪನ್ನು ಹೊಗಳುವರು, ನಡಿಗೆಯ ನಯವನ್ನು ಹೊಗಳುವರು. ತಲೆಗೂ ಕೊಡಕ್ಕೂ ನಡುವೆ ಇರುವ ಬಟ್ಟೆಯ ಸಿಂಬೆಯನ್ನು ಯಾರೂ ನೆನೆಯುವುದಿಲ್ಲ. ಹೆಡ್‌ಫೋನಿನ ಕಿವಿಮೆತ್ತೆಯೂ ಇದೇ ಜಾತಿಗೆ ಸೇರಿದುದು. ಬಟ್ಟಲಿನ ಅಂಚಿಗೆ ಬಳೆಯಂತೆ ಸುತ್ತಿಕೊಂಡಿರುವ ಆ ಮೆತ್ತನೆಯ ಉಂಗುರವನ್ನು ಕೊಳ್ಳುವವರು ಬೆರಳಿನಿಂದ ಒಮ್ಮೆ ಒತ್ತಿ ನೋಡುವರು. ಅಷ್ಟಕ್ಕೆ ಅದರ ವಿಚಾರ ಮುಗಿಯಿತು. ಆದರೆ ಸಿಂಬೆಗೂ ಇದಕ್ಕೂ ಒಂದು ಭೇದವುಂಟು. ಸಿಂಬೆ ಕೆಟ್ಟರೆ ತಲೆ ನೋಯುವುದು. ಕೊಡದ ನೀರಿನ ರುಚಿ ಕೆಡದು. ಕಿವಿಮೆತ್ತೆ ಕೆಟ್ಟರೆ ಕಿವಿಯೂ ನೋಯುವುದು, ಕೇಳುವ ನಾದವೂ ಬೇರೆಯಾಗುವುದು. ಈ ಭೇದವನ್ನು ಅರಿಯಲು ಕರಾವಳಿಯ ವೃದ್ಧ ಉಪಾಧ್ಯಾಯರೊಬ್ಬರಿಗೆ ಬಹುಕಾಲ ಬೇಕಾಯಿತು.

ಅವರ ಪತ್ನಿ ಸಂಗೀತ ಬಲ್ಲವರಾಗಿದ್ದರು. ೧೯೮೩ರ ರಾಮನವಮಿಯಂದು ಮನೆಯ ಪಡಸಾಲೆಯಲ್ಲಿ ಆಕೆ ಹಾಡಿದುದನ್ನು ನೆರೆಯವರೊಬ್ಬರು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಟ್ಟರು. ಮೃದಂಗಕ್ಕೆ ಕುಳಿತವನು ಹನ್ನೆರಡು ವರ್ಷದ ಮಗ. ಉಪಾಧ್ಯಾಯರು ಆ ಹೊತ್ತು ಊರಿನಲ್ಲಿರಲಿಲ್ಲ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಪರವೂರಿಗೆ ಹೋಗಿದ್ದರು. ಹಿಂದಿರುಗಿದ ಮೇಲೆ ಕ್ಯಾಸೆಟ್ಟನ್ನು ಹಾಕಿ ಕೇಳಿದರು. ಎರಡನೆಯ ಕೀರ್ತನೆಯ ನಡುವೆ ಹಾಡು ತಟಕ್ಕನೆ ನಿಂತಿತು. “ಎಡಗೈ ಇಳಿಸು ಮಗಾ, ಸಾಹಿತ್ಯವೆಲ್ಲ ಮುಳುಗಿ ಹೋಗುತ್ತದೆ” ಎಂದು ಆಕೆ ತುಸು ಬಿರುಸಾಗಿಯೇ ಹೇಳಿದುದು ಕೇಳಿಸಿತು. ಯಂತ್ರದಿಂದ ಹೊರಟ ಮೃದಂಗವಾದರೋ ಬಲಗೈಯ ಟಕಟಕ ಮಾತ್ರವಾಗಿತ್ತು. ಸಾಹಿತ್ಯವನ್ನು ಮುಳುಗಿಸುವ ಅಬ್ಬರ ಅದರಲ್ಲೆಲ್ಲಿ? ಬಂದವರೆದುರು ಹುಡುಗನನ್ನು ಕಾರಣವಿಲ್ಲದೆ ಗದರಿದೆಯೆಂದು ಅವರು ಪತ್ನಿಯನ್ನು ಆಕ್ಷೇಪಿಸಿದರು. “ಅಲ್ಲಿದ್ದವರಿಗೆ ಗೊತ್ತು” ಎಂದಷ್ಟೇ ಹೇಳಿ ಆಕೆ ಒಳಗೆ ಹೋದರು. ಮರುವರ್ಷ ಹುಡುಗನು ಮೃದಂಗವನ್ನು ಬಿಟ್ಟನು. ಅದಕ್ಕೆ ಹತ್ತು ಕಾರಣಗಳು ಇದ್ದಿರಬಹುದು. ತಂದೆಯ ಮನಸ್ಸು ಒಂದನ್ನೇ ಹಿಡಿದುಕೊಂಡಿತು.

ಆಕೆ ತೀರಿಕೊಂಡು ವರ್ಷಗಳಾದುವು. ಮಗನು ಪರದೇಶದಲ್ಲಿ ನೆಲೆಸಿದ್ದಾನೆ. ಈಚೆಗೆ ಟ್ರಂಕಿನ ತಳದಲ್ಲಿ ಆ ಕ್ಯಾಸೆಟ್ಟು ದೊರೆತ ಸುದ್ದಿ ತಿಳಿದು, ತನಗೊಂದು ಪ್ರತಿ ಬೇಕೆಂದು ಕೇಳಿದನು. ಮನೆಯಲ್ಲಿದ್ದು ಕಾಲೇಜಿಗೆ ಹೋಗುವ ಮಗಳ ಮಗಳು ಅದನ್ನು ಕಂಪ್ಯೂಟರಿಗೆ ಇಳಿಸಿದಳು. ಕಳುಹಿಸುವ ಮುನ್ನ ಎರಡು ತಿದ್ದುಪಡಿಗಳಾಗಬೇಕೆಂದು ಅಜ್ಜನ ಇಚ್ಛೆ. ಧ್ವನಿ ತೆಳುವಾಗಿ ಕೇಳುವುದರಿಂದ ತಗ್ಗಿನ ಸ್ವರಗಳನ್ನು ಏರಿಸಬೇಕು. ಆ ಗದರಿಕೆಯನ್ನು ಕತ್ತರಿಸಿ ತೆಗೆಯಬೇಕು. ತಾಯಿಯ ಹಾಡಿನೊಡನೆ ತಾಯಿಯ ಅನ್ಯಾಯವನ್ನೂ ಮಗನಿಗೆ ಕಳುಹಿಸುವುದೇಕೆ?

ಅವರು ಕೇಳುತ್ತಿದ್ದ ಹೆಡ್‌ಫೋನಿಗೆ ಐದು ವರ್ಷ ವಯಸ್ಸು. ಮೆತ್ತೆಯ ಮೇಲಿನ ಕೃತಕ ಚರ್ಮವು ಕರಾವಳಿಯ ತೇವದ ಗಾಳಿಗೂ ಬೆವರಿಗೂ ಸಿಕ್ಕಿ ಹಪ್ಪಳದಂತೆ ಸಿಪ್ಪೆಯೆದ್ದಿತ್ತು. ಕೇಳಿ ಮುಗಿಸಿದಾಗಲೆಲ್ಲ ಕಿವಿಯ ಸುತ್ತ ಕರಿಯ ಚೂರುಗಳು ಅಂಟಿಕೊಂಡಿರುತ್ತಿದ್ದುವು. ಒಳಗಿನ ಸ್ಪಂಜು ರೊಟ್ಟಿಯಂತೆ ಚಪ್ಪಟೆಯಾಗಿ, ಕಿವಿಯ ಅಂಚು ಒಳಗಿನ ಗಟ್ಟಿ ಜಾಲರಿಗೆ ತಗಲುತ್ತಿತ್ತು. ಇಷ್ಟಾದರೂ ಅವರ ಸಂಶಯವು ಮೆತ್ತೆಯ ಕಡೆಗೆ ತಿರುಗಲಿಲ್ಲ. ಮೊದಲು ಕಿವಿಯ ಮೇಲೆ ಬಂದಿತು. ವೈದ್ಯರಲ್ಲಿ ಪರೀಕ್ಷೆ ಮಾಡಿಸಿದರು. ಬಳಿಕ ಕ್ಯಾಸೆಟ್ಟಿನ ಮೇಲೆ ಬಂದಿತು. ನಾಲ್ಕು ದಶಕಗಳ ಹಳೆಯ ಪಟ್ಟಿ, ಏನು ಉಳಿದೀತು ಎಂದುಕೊಂಡರು.

ಮೊಮ್ಮಗಳ ತರ್ಕ ಬೇರೆಯಾಗಿತ್ತು. ವಯಸ್ಸಾದ ಕಿವಿ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ವೈದ್ಯರ ಚೀಟಿಯೂ ಅದನ್ನೇ ಹೇಳಿತ್ತು. ಹಳೆಯ ಕ್ಯಾಸೆಟ್ಟು ಮೊದಲು ಕಳೆದುಕೊಳ್ಳುವುದೂ ಮೇಲಿನವನ್ನೇ. ಇಲ್ಲಿ ಕಾಣೆಯಾದುದು ಕೆಳಗಿನದು. ಹಾಗಾದರೆ ಕಳ್ಳನು ಈ ಇಬ್ಬರು ಮುದುಕರಲ್ಲಿ ಒಬ್ಬನಲ್ಲ. “ಎರಡು ಬಟ್ಟಲುಗಳನ್ನೂ ಅಂಗೈಯಿಂದ ತಲೆಗೆ ಒತ್ತಿ ಹಿಡಿದು ನೋಡಿ ಅಜ್ಜಯ್ಯ” ಎಂದಳು. ಅವರು ಒತ್ತಿದರು. ಅದುವರೆಗೆ ತಗಡಿನಂತಿದ್ದ ನಾದಕ್ಕೆ ಮೈ ತುಂಬಿತು. ಕೈ ಬಿಟ್ಟರು, ಮತ್ತೆ ತಗಡಾಯಿತು.

ಇದರ ಮರ್ಮವೇನೂ ಗಹನವಾದುದಲ್ಲ. ಬಟ್ಟಲಿನೊಳಗೆ ತೆಳುವಾದ ಪೊರೆಯೊಂದು ಕಂಪಿಸುತ್ತದೆ. ಆ ಪೊರೆಗೂ ಕಿವಿಗೂ ನಡುವೆ ಪುಟ್ಟ ಗಾಳಿಕೋಣೆಯೊಂದುಂಟು. ಅದರ ಗೋಡೆಯೇ ಮೆತ್ತೆ. ಮೃದಂಗದ ಎಡಮುಖದಂತಹ ತಗ್ಗಿನ ನಾದವೆಂದರೆ ಸೆಕೆಂಡಿಗೆ ನೂರರ ಆಸುಪಾಸಿನ ನಿಧಾನವಾದ ಕಂಪನ. ಗೋಡೆಯಲ್ಲಿ ಸಂದಿದ್ದರೆ ಈ ನಿಧಾನದ ಒತ್ತಡಕ್ಕೆ ಹೊರಕ್ಕೆ ಜಾರಲು ಬೇಕಾದಷ್ಟು ಕಾಲ ಸಿಕ್ಕುವುದು. ಗಾಳಿ ತಪ್ಪಿಸಿಕೊಳ್ಳುವುದು, ನಾದ ಸೊರಗುವುದು. ಬಲಮುಖದ ಚುರುಕಾದ ಕಂಪನಗಳಿಗೆ ಅಷ್ಟು ಬಿಡುವಿಲ್ಲ. ಅವು ಬಹುಮಟ್ಟಿಗೆ ಕಿವಿಯನ್ನೇ ಸೇರುವುವು. ಹರಿದ ಚರ್ಮ, ಕುಸಿದ ಸ್ಪಂಜು, ಕನ್ನಡಕದ ಕಡ್ಡಿಯ ಪಕ್ಕದ ಕಿರುಸಂದಿ, ಇವುಗಳಲ್ಲಿ ಯಾವುದಾದರೂ ಈ ಸೋರಿಕೆಗೆ ಸಾಕು. ಉಪಾಧ್ಯಾಯರಲ್ಲಿ ಮೂರೂ ಇದ್ದುವು.

ಮೆತ್ತೆಯ ಚರಿತ್ರೆಯೂ ಬಹಳ ಹಿಂದಕ್ಕೆ ಹೋಗುವುದಿಲ್ಲ. ೧೯೨೦ರ ದಶಕದಲ್ಲಿ ಹೆಡ್‌ಫೋನಿನಿಂದ ರೇಡಿಯೋ ಕೇಳುತ್ತಿದ್ದವರಲ್ಲಿ ಬಹುಮಂದಿ ಗಟ್ಟಿಯಾದ ಬಿಲ್ಲೆಗಳನ್ನೇ ಕಿವಿಗೆ ಒತ್ತಿಕೊಳ್ಳುತ್ತಿದ್ದರು. ೧೯೬೮ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯವರು ಹೊರತಂದ ಎಚ್.ಡಿ. ೪೧೪ ಎಂಬುದು ಹಿಂಬದಿ ತೆರೆದಿದ್ದ, ಹಗುರವಾದ, ಬರಿಯ ಸ್ಪಂಜಿನ ಮೆತ್ತೆಯುಳ್ಳ ಹೆಡ್‌ಫೋನು. ಒತ್ತಿದರೆ ತಗ್ಗಿ, ಬಿಟ್ಟರೆ ಮೆಲ್ಲನೆ ಮೇಲೇಳುವ ಸ್ಪಂಜನ್ನು ೧೯೬೬ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಿಗೆಂದು ರೂಪಿಸಿದರು. ಅದು ಕಾಲಕ್ರಮದಲ್ಲಿ ಕಿವಿಯವರೆಗೂ ಬಂದಿತು.

ಮೊಮ್ಮಗಳು ಮೂರು ಬಗೆಯ ಮೆತ್ತೆಗಳನ್ನು ತರಿಸಿದಳು. ಮೊದಲನೆಯದು ಮಖಮಲ್ಲಿನಂತಹ ಬಟ್ಟೆಯದು. ಅದನ್ನು ಧರಿಸಿದಾಗ ಕಿವಿಗೆ ಹಬ್ಬ. ಬೆವರಿಲ್ಲ, ಕನ್ನಡಕದ ಕಡ್ಡಿ ಚುಚ್ಚುವುದಿಲ್ಲ, ಎರಡು ಗಂಟೆ ಕುಳಿತರೂ ತಲೆಯ ಮೇಲೊಂದು ಯಂತ್ರವಿದೆಯೆಂಬ ನೆನಪಿಲ್ಲ. ಆದರೆ ಬಟ್ಟೆಯ ಎಳೆಗಳ ನಡುವೆ ಗಾಳಿಯಾಡುವುದರಿಂದ ತಗ್ಗಿನ ನಾದ ತುಸು ಇಳಿಯಿತು. ಎರಡನೆಯದು ತೀರ ದಪ್ಪನಾದುದು. ಕಿವಿಯಿಂದ ಪೊರೆ ದೂರ ಸರಿದು, ಗಾಳಿಕೋಣೆ ದೊಡ್ಡದಾಗಿ, ಹಾಡು ಪಡಸಾಲೆಯಿಂದ ಜಗಲಿಗೆ ಹೋದಂತೆ ಕೇಳಿಸಿತು. ಹೆಡ್‌ಫೋನಿನ ಬಿಗಿತವೂ ಹೆಚ್ಚಿ ಕೆನ್ನೆಯ ಮೂಳೆ ನೊಂದಿತು. ಮೂರನೆಯದು ಮೊದಲಿದ್ದ ಅಳತೆಯದೇ. ಮೇಲೆ ನುಣುಪಾದ ಚರ್ಮ, ಒಳಗೆ ಮೆಲ್ಲನೆ ಮೇಲೇಳುವ ಸ್ಪಂಜು. ಅದು ಮೈಯ ಬಿಸಿಗೆ ಮೆತ್ತಗಾಗಿ, ಕನ್ನಡಕದ ಕಡ್ಡಿಯನ್ನೂ ಒಳಗೊಂಡು, ದವಡೆಯ ತಗ್ಗುದಿಣ್ಣೆಗಳಿಗೆ ಒಗ್ಗಿ ಕುಳಿತಿತು. ಕಾಲು ಗಂಟೆಯೊಳಗೆ ಕಿವಿ ಬೆವರಿತೆಂಬುದೊಂದೇ ಅದರ ದೋಷ.

ಈ ಮೂರನೆಯದನ್ನು ಧರಿಸಿಯೇ ಅವರು ಕ್ಯಾಸೆಟ್ಟಿನ ಪ್ರತಿಯನ್ನು ಮತ್ತೆ ಕೇಳಿದರು. ಮೊದಲನೆಯ ಕೀರ್ತನೆ ಮುಗಿಯಿತು. ಎರಡನೆಯದು ಅನುಪಲ್ಲವಿಗೆ ಬಂದಿತು. ಆಗ ಹುಡುಗನು ಹುರುಪೇರಿ ಎಡಗೈ ಬೀಸಿದನು. ಗುಮ್ ಗುಮ್ ಎಂದು ಒಂದರ ಮೇಲೊಂದು ಪೆಟ್ಟು ಎದ್ದು, ತಾಯಿಯ ಮಾತುಗಳನ್ನು ಅಲೆಯು ಮರಳಿನ ಮೇಲಿನ ಬರಹವನ್ನು ಅಳಿಸುವಂತೆ ಅಳಿಸಿಕೊಂಡು ಹೋಯಿತು. ಎರಡು ಆವರ್ತದವರೆಗೆ ಆಕೆ ತಾಳಿದರು; ಮೂರನೆಯದರಲ್ಲಿ ನಿಲ್ಲಿಸಿದರು. “ಎಡಗೈ ಇಳಿಸು ಮಗಾ.” ಆ ಮೇಲೆ ಮೃದಂಗವು ಇಳಿಯಿತು, ಹಾಡು ಮೇಲೆದ್ದಿತು. ತಾಯಿಯೂ ಮಗನೂ ಹಾಗೆ ಜೊತೆಗೂಡಿ ನಡೆದುದನ್ನು ಅವರು ಆ ಹಿಂದೆ ಕೇಳಿರಲೇ ಇಲ್ಲ.

೧೯೮೩ರಲ್ಲಿ ಅವರೆದುರಿಗಿದ್ದುದು ಅಂಗೈಯಗಲದ ಸ್ಪೀಕರು. ಆ ಗುಮ್‌ಕಾರವನ್ನು ನುಡಿಸುವ ಶಕ್ತಿ ಅದಕ್ಕಿರಲಿಲ್ಲ. ಅದು ಕೇಳಿಸದೆ ಬಿಟ್ಟುದನ್ನು ಅವರು ಇಲ್ಲವೆಂದೇ ತೀರ್ಮಾನಿಸಿದರು. ಹರಿದ ಮೆತ್ತೆಯು ಅದೇ ತೀರ್ಪನ್ನು ಎರಡನೆಯ ಸಲ ಎತ್ತಿಹಿಡಿದಿತ್ತು.

ತುಂಬ ಹೊತ್ತು ಅವರು ಹೆಡ್‌ಫೋನನ್ನು ಕೈಯಲ್ಲಿಯೇ ಹಿಡಿದು ಕುಳಿತಿದ್ದರು. ಬಳಿಕ ಮೊಮ್ಮಗಳನ್ನು ಕರೆದು, ಏನನ್ನೂ ಏರಿಸಬೇಡ, ಏನನ್ನೂ ಕತ್ತರಿಸಬೇಡ, ಇದ್ದುದನ್ನು ಇದ್ದ ಹಾಗೆಯೇ ಕಳುಹಿಸು ಎಂದರು. ತಗ್ಗಿನ ಸ್ವರಗಳನ್ನು ಏರಿಸಿ ಕಳುಹಿಸಿದ್ದರೆ, ಒಳ್ಳೆಯ ಮೆತ್ತೆಯ ಹೆಡ್‌ಫೋನಿನಲ್ಲಿ ಕೇಳುವ ಮಗನಿಗೆ ತಾಯಿಯ ಹಾಡು ಇಡಿಯಾಗಿ ಮುಳುಗುತ್ತಿತ್ತು. ತನ್ನ ಎಡಗೈಯ ತಪ್ಪನ್ನು ತಂದೆಯ ಕೈ ಮತ್ತೊಮ್ಮೆ ಮಾಡಿದಂತಾಗುತ್ತಿತ್ತು.

ಈಗ ಅವರಲ್ಲಿ ಎರಡು ಜೊತೆ ಮೆತ್ತೆಗಳಿವೆ. ವಾರ್ತೆಗೂ ಯಕ್ಷಗಾನದ ದೀರ್ಘ ಪ್ರಸಂಗಗಳಿಗೂ ಬಟ್ಟೆಯದು; ಆ ಕ್ಯಾಸೆಟ್ಟಿನ ಹಾಡಿಗೆ ಚರ್ಮದ್ದು. ಬದಲಾಯಿಸಲು ಎರಡು ನಿಮಿಷ ಹಿಡಿಯುವುದು. ಮಗನಿಗೆ ಕಳುಹಿಸಿದ ಪ್ರತಿಯೊಡನೆ ಒಂದು ಕಾಗದವನ್ನೂ ಬರೆದರು. ಕಿವಿಗೆ ಸಂದಿಲ್ಲದಂತೆ ಕೂರುವ ಮೆತ್ತೆಯಿದ್ದರೆ ಮಾತ್ರ ಇದನ್ನು ಕೇಳಬೇಕೆಂಬುದು ಅದರ ಮೊದಲನೆಯ ವಾಕ್ಯ. ಎರಡನೆಯದು ಇನ್ನೂ ಚಿಕ್ಕದು: “ಅಂದು ನಿನ್ನ ಅಮ್ಮ ಹೇಳಿದುದು ಸರಿಯಾಗಿತ್ತು.”