ಜುಮ್ಮೆನ್ನುವ ನೀರು

ಹಸುವಿನಷ್ಟು ಸಾಧುಪ್ರಾಣಿ ಬೇರೊಂದಿಲ್ಲವೆಂದು ಬರೆಯುವವರು ಹಸುವನ್ನು ಕಟ್ಟಿ ನೋಡಿದವರಲ್ಲವೆಂದು ನನ್ನ ಅನುಮಾನ. ಅದು ಬೇಡವೆಂದು ಮನಸ್ಸು ಮಾಡಿತೆಂದರೆ ಮುಗಿಯಿತು. ಹನಗೋಡಿನ ಹತ್ತಿರ ನನ್ನ ಸೋದರತ್ತೆಯ ಮನೆಯ ಸೀಮೆಹಸು ಒಂದು ಬೇಸಗೆಯಲ್ಲಿ ತೊಟ್ಟಿಯ ನೀರು ಬೇಡವೆಂದಿತು. ಬಾಯಾರಿ ಹತ್ತಿರ ಹೋಗುವುದು, ಮೂತಿ ತಾಗಿಸಿ ಬೆಚ್ಚಿ ಹಿಂದೆ ಸರಿಯುವುದು, ಮತ್ತೆ ನಾಲಗೆಯ ತುದಿಯಿಂದ ನೆಕ್ಕಿ ನೋಡುವುದು. ಹಾಲು ಇಳಿಯಿತು. ಅತ್ತೆ ದೃಷ್ಟಿ ತೆಗೆದರು. ತೊಟ್ಟಿಯನ್ನು ಎರಡು ಸಲ ತಿಕ್ಕಿ ತೊಳೆಸಿದರು. ಅದೇ ನೀರನ್ನು ಬಕೆಟ್ಟಿನಲ್ಲಿ ಅಂಗಳಕ್ಕೆ ತಂದಿಟ್ಟರೆ ಮಾತ್ರ ಗಟಗಟನೆ ಕುಡಿಯುತ್ತಿತ್ತು!

ನಾನು ಹೋಗಿದ್ದಾಗ ಇನ್ನೊಂದು ವಿಚಿತ್ರ ಕಂಡೆ. ಪಂಪಿನ ಕರೆಂಟು ಹೋದ ಹೊತ್ತಿನಲ್ಲಿ ಹಸು ನೆಮ್ಮದಿಯಿಂದ ತೊಟ್ಟಿಯಲ್ಲೇ ಕುಡಿಯುತ್ತಿತ್ತು. ಅತ್ತೆಗೆ ಹೇಳಿದೆ.

“ನಂಗೂ ತೊಟ್ಟಿಗೆ ಕೈ ಹಾಕಿದ್ರೆ ಒಂದೊಂದು ಸಲ ಜುಮ್ ಅಂತದೆ ಕಣೋ. ವಾಯು ಅಂದ್ಕೊಂಡಿದ್ದೆ,” ಎಂದರು.

ಕೊಟ್ಟಿಗೆಗೆ ಮೆಟ್ಟು ಹಾಕಿಕೊಂಡು ಹೋಗಬಾರದೆಂಬುದು ಅವರ ಜನ್ಮದ ನಿಯಮ. ನನ್ನ ಎದೆ ಧಸಕ್ಕೆಂದಿತು.

ಹುಣಸೂರಿನಿಂದ ಬಂದ ರಿಪೇರಿಯವನು ಮೋಟಾರು ಹಾಕಿ ಕಬ್ಬಿಣದ ಪೈಪಿಗೆ ಟೆಸ್ಟರ್ ತಾಗಿಸಿದ, ದೀಪ ಹತ್ತಿತು. ಮೋಟಾರಿನೊಳಗಿನ ತಂತಿಯ ಹೊದಿಕೆ ಸುಟ್ಟು ಕರೆಂಟು ಅದರ ಮೈಗೆ ಇಳಿದಿತ್ತು. ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ತಂತಿ ತುಕ್ಕು ಹಿಡಿದು ಕಡಿದುಹೋಗಿತ್ತು. ದಾರಿ ಕಾಣದ ಕರೆಂಟು ಪೈಪು ಹಿಡಿದು ತೊಟ್ಟಿಗೆ ಬಂದಿತ್ತು, ಅಷ್ಟೆ.

ಚಪ್ಪಲಿ ಹಾಕಿದವನಿಗೆ ಗೊತ್ತೇ ಆಗದ ಅಷ್ಟು ಸಣ್ಣ ಕರೆಂಟು ಹಸುವಿಗೆ ಗೊತ್ತಾಗುತ್ತದೆ. ಒದ್ದೆ ನೆಲದ ಮೇಲೆ ನಾಲ್ಕು ಬರಿಗಾಲು, ಮೂತಿ ನೀರಿನಲ್ಲಿ, ನಡುವೆ ಹೃದಯ. ತಂತಿ ಹರಿದು ನೆಲಕ್ಕೆ ಬಿದ್ದಾಗಲೂ ಹೀಗೆಯೇ. ಮುಂಗಾಲು ಹಿಂಗಾಲುಗಳ ಅಂತರ ದೊಡ್ಡದಾದ್ದರಿಂದ ದನ ಸಾಯುತ್ತದೆ, ಪಕ್ಕದಲ್ಲಿದ್ದ ದನಗಾಹಿ ಎಷ್ಟೋ ಸಲ ಬದುಕುತ್ತಾನೆ. ಇದು ಹಳ್ಳಿಯ ಅವ್ಯವಸ್ಥೆ ಮಾತ್ರ ಎನ್ನಬೇಡಿ. 2011ರ ಫೆಬ್ರವರಿ 12ರಂದು ಇಂಗ್ಲೆಂಡಿನ ನ್ಯೂಬರಿಯಲ್ಲಿ ಪಂದ್ಯಕ್ಕೆ ಮೊದಲು ಎರಡು ಕುದುರೆಗಳು ಹುಲ್ಲಿನ ಮೇಲೆಯೇ ಕುಸಿದು ಸತ್ತವು. ನೆಲದಡಿ ಹಳೆಯದೊಂದು ಕೇಬಲ್ ಇತ್ತು. ಕುದುರೆಗಳ ಕಾಲಿಗೆ ಕಬ್ಬಿಣದ ಲಾಳ. ಹಿಡಿದವರ ಕಾಲಿಗೆ ಬೂಟು. ಜನ ಉಳಿದರು.

ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿಸಿದ ನಾಡು ನಮ್ಮದು. ಕೊಟ್ಟಿಗೆಯ ಅರ್ಥಿಂಗ್ ಮಾತ್ರ ಇನ್ನೂ ದೇವರ ಪಾಲು. ಹನಗೋಡಿನಿಂದಾಚೆ ನಾಗರಹೊಳೆಯ ಕಾಡಂಚಿನಲ್ಲಿ ಆನೆಗೆಂದು ಸೋಲಾರ್ ಬೇಲಿ ಹಾಕುತ್ತಾರೆ. ಅದು ಕ್ಷಣಮಾತ್ರ ಹೊಡೆದು ಬಿಡುತ್ತದೆ, ಹೆದರಿಸುತ್ತದೆ. ಮನೆಯ ಕರೆಂಟನ್ನೇ ಬೇಲಿಗೆ ಕೊಡುವವರೂ ಉಂಟು. ಅದು ಬಿಡುವುದಿಲ್ಲ, ಕೊಲ್ಲುತ್ತದೆ, ಅಪರಾಧವೂ ಹೌದು.

ರಿಪೇರಿಯವನು ಮೋಟಾರಿನ ತಂತಿ ಹೊಸದಾಗಿ ಸುತ್ತಿಸಿದ. ಗುಂಡಿ ತೋಡಿ ಪೈಪು ಹೂತು ಸುತ್ತ ಇದ್ದಿಲು, ಉಪ್ಪು ತುಂಬಿದ. 30 ಮಿಲಿ ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿದುಹಾಕುವ ಪುಟ್ಟ ಯಂತ್ರವನ್ನೂ ಕೂರಿಸಿದ. ಅದರ ಬೆಲೆ ಕೇಳಿ ಅತ್ತೆ ಗೊಣಗಿದರು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕೆಂದಾಗ ಅಮಾವಾಸ್ಯೆಯ ದಿನ ಒತ್ತುತ್ತೇನೆಂದು ಒಪ್ಪಿಕೊಂಡರು. ಬೇಸಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನಂತೂ ತಪ್ಪಿಸುವುದಿಲ್ಲ. ತುಳಸಿಕಟ್ಟೆಗೆ ಹಾಕಿ ಉಳಿದದ್ದು ಅಲ್ಲಿಗೆ.